ವೇಗ ಹೆಚ್ಚಿಸುವಾಗ ಕಾರು ಕುಲುಕುವುದು: ಕಾರಣ ಗುರುತಿಸುವ ಕ್ರಮ ಹಾಗೂ ತಪಾಸಣೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಭಾಗದ ವಾಹನ ಮಾಲೀಕರ ಮಾಹಿತಿಗಾಗಿ

ಮೋಟಾರು ವಾಹನಗಳ ಕಾಯ್ದೆ, 1988ರ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನೋಂದಣಿಯನ್ನು ನವೀಕರಿಸಿಕೊಳ್ಳತಕ್ಕದ್ದು. ಹೀಗೆ ತಪಾಸಣೆಗೆ ಬರುವ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ, ಎಕ್ಸಲರೇಟರ್ ಒತ್ತಿದಾಗ ವಾಹನವು ಸರಾಗವಾಗಿ ಮುಂದೆ ಸಾಗದೆ ತಡೆತಡೆದು ಕುಲುಕುವುದು. ಗ್ಯಾರೇಜುಗಳಲ್ಲಿ ಇದನ್ನು ಜರ್ಕ್ ಎಂದೂ, ಮಿಸ್ಸಿಂಗ್ ಎಂದೂ, ಗಾಡಿ ಜಗ್ಗುವುದಿಲ್ಲ ಎಂದೂ ಹೇಳುವುದು ವಾಡಿಕೆ. ಈ ಮೂರೂ ಮಾತುಗಳು ಒಂದೇ ದೋಷವನ್ನು ಸೂಚಿಸುವುದಿಲ್ಲ. ಇವುಗಳನ್ನು ಒಂದೇ ಎಂದು ಭಾವಿಸಿ, ತಪಾಸಣೆಯ ಹಿಂದಿನ ದಿನ ಅವಸರದಲ್ಲಿ ಒಂದಾದ ಮೇಲೊಂದು ಬಿಡಿಭಾಗವನ್ನು ಬದಲಾಯಿಸಿ ಹಣ ಕಳೆದುಕೊಳ್ಳುವ ಮಾಲೀಕರು ಕಡಿಮೆಯಿಲ್ಲ.

ಹಣಕ್ಕಿಂತಲೂ ಹೆಚ್ಚಿನ ವಿಷಯವೆಂದರೆ ಸುರಕ್ಷತೆ. ಬ್ಯಾಡಗಿಯಿಂದ ಮೋಟೆಬೆನ್ನೂರಿನ ಮೂಲಕ ರಾಷ್ಟ್ರೀಯ ಹೆದ್ದಾರಿ 48ನ್ನು, ಅಂದರೆ ಹಿಂದಿನ ಹೆದ್ದಾರಿ 4ನ್ನು ಸೇರುವ ಕಾರು ಕೆಲವೇ ಕ್ಷಣಗಳಲ್ಲಿ ಹೆದ್ದಾರಿಯ ವೇಗಕ್ಕೆ ಏರಬೇಕಾಗುತ್ತದೆ. ಹಿಂದಿನಿಂದ ಬರುವ ಲಾರಿ ಅಥವಾ ಬಸ್ಸಿನ ಚಾಲಕನು ಮುಂದಿನ ಕಾರು ವೇಗ ಪಡೆಯುವುದೆಂದು ಎಣಿಸಿಯೇ ತನ್ನ ವೇಗವನ್ನು ನಿರ್ಧರಿಸಿರುತ್ತಾನೆ. ಆ ಕ್ಷಣದಲ್ಲಿ ಎಂಜಿನ್ ಎರಡು ಸೆಕೆಂಡು ತಡೆದರೂ ಅಪಘಾತಕ್ಕೆ ಎಡೆಯಾಗುತ್ತದೆ. ಲಾರಿಯನ್ನು ಹಿಂದಿಕ್ಕುವಾಗಲೂ ಪರಿಸ್ಥಿತಿ ಇದೇ ಆಗಿರುತ್ತದೆ. ಆದ್ದರಿಂದ ಕುಲುಕುವ ಕಾರನ್ನು ದುರಸ್ತಿಯಾಗುವವರೆಗೆ ಹೆದ್ದಾರಿಗೆ ಒಯ್ಯದಿರುವುದು ಸೂಕ್ತ.

ಎಂಜಿನ್ನಿನ ದೋಷವೋ, ಎಳೆತದ ಭಾಗಗಳ ದೋಷವೋ

ಮೊದಲು ನಿರ್ಧರಿಸಬೇಕಾದ ಪ್ರಶ್ನೆ ಇದೊಂದೇ. ಎಂಜಿನ್ ತಾನೇ ತಡವರಿಸುತ್ತಿದ್ದರೆ ಅದರ ಶಬ್ದವೂ ತುಂಡುತುಂಡಾಗುತ್ತದೆ. ತಿರುಗುವಿಕೆಯನ್ನು ತೋರಿಸುವ ಮೀಟರ್ ಇರುವ ಕಾರುಗಳಲ್ಲಿ ಮುಳ್ಳು ನಡುಗುತ್ತದೆ. ಎಂಜಿನ್ನಿನ ಶಬ್ದವು ಒಂದೇ ಸಮನಾಗಿದ್ದು ವಾಹನದ ದೇಹ ಮಾತ್ರ ಅದುರುತ್ತಿದ್ದರೆ ಕ್ಲಚ್, ಎಂಜಿನ್ ಮೌಂಟಿಂಗ್ ಅಥವಾ ಡ್ರೈವ್ ಶಾಫ್ಟ್‌ನ ಕಡೆಗೆ ಗಮನ ಹರಿಸತಕ್ಕದ್ದು. ನಿಂತಲ್ಲಿಂದ ಒಂದನೇ ಗೇರಿನಲ್ಲಿ ಹೊರಡುವಾಗ ಮಾತ್ರ ಅದುರಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಸರಿಹೋದರೆ ಕ್ಲಚ್ ಪ್ಲೇಟ್ ಸವೆದಿರುವ ಅಥವಾ ಅದರ ಮೇಲೆ ಆಯಿಲ್ ಸೋರಿರುವ ಸಂಭವವಿದೆ. ಎಕ್ಸಲರೇಟರ್ ಒತ್ತಿದಾಗಲೊಮ್ಮೆ, ಬಿಟ್ಟಾಗಲೊಮ್ಮೆ ಬಾನೆಟ್ಟಿನ ಕೆಳಗೆ ಧಡ್ ಎಂದು ಬಡಿದರೆ ಮೌಂಟಿಂಗ್ ರಬ್ಬರ್ ಹರಿದಿರಬಹುದು. ಗೇರು ತಾನೇ ಬದಲಾಗುವ ಎಎಂಟಿ ಕಾರುಗಳಲ್ಲಿ ಪ್ರತಿ ಗೇರು ಬದಲಾದಾಗ ತಲೆ ಮುಂದಕ್ಕೆ ವಾಲಿದಂತಾಗುವುದು ಆ ರಚನೆಯ ಸಹಜ ಲಕ್ಷಣವೇ ಹೊರತು ದೋಷವಲ್ಲ. ಹೊಸದಾಗಿ ಇಂಥ ಕಾರು ಕೊಂಡವರು ಇದನ್ನೇ ಜರ್ಕ್ ಎಂದು ದೂರುವುದುಂಟು.

ಈ ಪರೀಕ್ಷೆಯನ್ನು ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಇಬ್ಬರು ಕುಳಿತು ಮಾಡುವುದು ಕ್ಷೇಮ. ಚಾಲಕನ ಗಮನ ರಸ್ತೆಯ ಮೇಲಿರಲಿ. ಯಾವ ಗೇರು, ಯಾವ ವೇಗ, ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಏಸಿ ಹಾಕಿತ್ತೇ, ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು ಎಂಬುದನ್ನು ಪಕ್ಕದಲ್ಲಿರುವವರು ಬರೆದುಕೊಳ್ಳಲಿ. ಗ್ಯಾರೇಜಿಗೆ ಹೋದಾಗ ಕಾರು ಕುಲುಕದೇ ಇರುವುದು ಬಹಳಷ್ಟು ಜನರ ಅನುಭವ. ಆಗ ಈ ಒಂದು ಹಾಳೆಯ ಟಿಪ್ಪಣಿಯು ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮಾಡಿಕೊಟ್ಟಂತೆ.

ನಿಂತಾಗ ಸರಿ, ಒತ್ತಿದಾಗ ತೊಂದರೆ: ಏಕೆ

ನಿಂತಲ್ಲಿ ಐಡ್ಲಿಂಗ್ ಸರಿಯಾಗಿದೆ, ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಮಾಡಿದರೂ ತೊಂದರೆಯಿಲ್ಲ, ರಸ್ತೆಗಿಳಿದರೆ ಮಾತ್ರ ಕುಲುಕುತ್ತದೆ ಎಂಬುದು ಮಾಲೀಕರನ್ನು ಗೊಂದಲಕ್ಕೀಡುಮಾಡುವ ಸಂಗತಿ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸಿಲಿಂಡರಿನಲ್ಲಿ ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸಲಾಗುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ಹೆಚ್ಚು ಗಾಳಿ ಒಳನುಗ್ಗಿ, ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವುದಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದು ಅಂತರ ಹೆಚ್ಚಾದ ಪ್ಲಗ್ಗು, ಸೀಳಿದ ಕಾಯಿಲ್, ಹಳೆಯ ಪ್ಲಗ್ ವೈರು ನಿಂತಲ್ಲಿ ಹೇಗೋ ನಿಭಾಯಿಸಿ, ಭಾರ ಬಿದ್ದೊಡನೆ ಕಿಡಿ ತಪ್ಪಿಸುತ್ತವೆ. ಕಿಡಿ ತಪ್ಪಿದ ಸಿಲಿಂಡರಿನಿಂದ ಆ ಸುತ್ತಿನಲ್ಲಿ ಶಕ್ತಿ ಬರುವುದಿಲ್ಲ. ಅದೇ ಕುಲುಕಾಟ.

ಇಂಧನದ ಕೊರತೆಯೂ ಹೀಗೆಯೇ. ಐಡ್ಲಿಂಗ್‌ನಲ್ಲಿ ಬೇಕಾಗುವ ಇಂಧನ ಅತ್ಯಲ್ಪ. ಅರ್ಧ ಕಟ್ಟಿಕೊಂಡ ಫಿಲ್ಟರ್ ಅಥವಾ ಶಕ್ತಿ ಕುಂದಿದ ಪಂಪು ಅಷ್ಟನ್ನು ಒದಗಿಸಬಲ್ಲದು. ದಿಬ್ಬ ಏರುವಾಗ, ನಾಲ್ಕೈದು ಜನ ಕುಳಿತಾಗ, ವೇಗ ಹೆಚ್ಚಿಸುವಾಗ ಅದರ ಕೊರತೆ ಬಯಲಾಗುತ್ತದೆ. ಕಿಡಿಯ ದೋಷದಿಂದ ಬರುವ ಕುಲುಕಾಟ ಚುರುಕಾಗಿ, ಟಪ್ ಟಪ್ ಎಂದು ಹೊಡೆದಂತಿರುತ್ತದೆ. ಇಂಧನದ ಕೊರತೆಯಿಂದ ಬರುವುದು ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಗಿರುತ್ತದೆ. ಈ ಭೇದವು ಎಲ್ಲ ಕಾರುಗಳಲ್ಲೂ ಸ್ಪಷ್ಟವಾಗಿ ತಿಳಿಯುವುದೆಂದು ಹೇಳಲಾಗದು.

ಗಾಳಿಯ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಥ್ರಾಟಲ್ ದಾಟಿದ ಮೇಲಿನ ಯಾವುದಾದರೂ ರಬ್ಬರ್ ಪೈಪು ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತಿದ್ದರೆ, ಅದರ ತೊಂದರೆ ನಿಂತಾಗಲೇ ಹೆಚ್ಚಾಗಿದ್ದು, ವೇಗ ಏರಿದಂತೆ ಕಡಿಮೆಯಾಗುತ್ತದೆ. ಗಾಳಿಯನ್ನು ಅಳೆಯುವ ಸೆನ್ಸರಿಗೆ ಧೂಳು ಹಿಡಿದಿದ್ದರೆ ತೊಂದರೆ ಭಾರದಲ್ಲಿ ಹೆಚ್ಚು. ಪೆಡಲ್ ಒಂದೇ ನಿರ್ದಿಷ್ಟ ಮಟ್ಟಕ್ಕೆ ಬಂದಾಗ ಮಾತ್ರ ಕುಲುಕಿ, ಅದನ್ನು ದಾಟಿದರೆ ಸರಿಹೋಗುವುದಾದರೆ ಥ್ರಾಟಲ್ ಅಥವಾ ಪೆಡಲ್ ಸೆನ್ಸರ್ ಆ ಜಾಗದಲ್ಲಿ ಸವೆದಿರುವ ಸಾಧ್ಯತೆ ಇದೆ.

ಎಚ್ಚರಿಕೆ ದೀಪ

ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಗಣಕವು ಯಾವುದೋ ದೋಷವನ್ನು ದಾಖಲಿಸಿಕೊಂಡಿದೆ ಎಂದರ್ಥ. ಕಾರನ್ನು ನಿಧಾನವಾಗಿ ಗ್ಯಾರೇಜಿನವರೆಗೆ ಒಯ್ಯಬಹುದು. ದೀಪ ಮಿಟುಕುತ್ತಿದ್ದರೆ ವಿಷಯ ಬೇರೆ. ಸಿಲಿಂಡರಿನಲ್ಲಿ ಹೊತ್ತದ ಪೆಟ್ರೋಲ್ ಹೊಗೆ ಕೊಳವೆಯ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿರುತ್ತದೆ. ಇದರಿಂದ ಕನ್ವರ್ಟರ್ ವಿಪರೀತ ಕಾದು ಒಳಗಿನ ಜಾಲರಿ ಕರಗಬಹುದು. ಪ್ಲಗ್ಗಿನ ಬೆಲೆಯ ದುರಸ್ತಿಯು ಹೀಗೆ ಕೆಲವೇ ದಿನಗಳಲ್ಲಿ ಹತ್ತಾರು ಪಟ್ಟು ದುಬಾರಿಯಾಗುತ್ತದೆ.

ಈ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಸುಗ್ಗಿಯ ದಿನಗಳಲ್ಲಿ ಹಳ್ಳಿಗಳ ರಸ್ತೆಗಳ ಮೇಲೆ ಬೆಳೆ ಹರಡಿ ಒಕ್ಕಣೆ ಮಾಡುವ ರೂಢಿ ಇನ್ನೂ ಉಳಿದಿದೆ. ಹುರುಳಿ ಮುಂತಾದ ಬೆಳೆಗಳ ಒಣ ಹೊಟ್ಟು ಕಾರಿನ ಅಡಿಗೆ ಸಿಲುಕಿ, ಕಾದ ಹೊಗೆ ಕೊಳವೆಗೆ ತಗುಲಿ ವಾಹನವೇ ಹೊತ್ತಿಕೊಂಡ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ. ಮಿಸ್ಸಿಂಗ್ ಇರುವ ಕಾರಿನ ಕನ್ವರ್ಟರ್ ಮಾಮೂಲಿಗಿಂತ ಹೆಚ್ಚು ಕಾದಿರುವುದರಿಂದ, ಅಂಥ ಕಾರನ್ನು ಹೊಟ್ಟು ಹರಡಿದ ರಸ್ತೆಯ ಮೇಲೆ ಓಡಿಸುವುದಾಗಲಿ, ಕಣದಲ್ಲಿ ನಿಲ್ಲಿಸುವುದಾಗಲಿ ಕೂಡದು.

2013ರ ತರುವಾಯದ ಪೆಟ್ರೋಲ್ ಹಾಗೂ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಜೋಡಿಸುವ ಸಾಕೆಟ್ ಇರುತ್ತದೆ. ಅಲ್ಲಿ ದೊರೆಯುವ ಸಂಕೇತಗಳಲ್ಲಿ ಪಿ 0300 ಎಂದರೆ ಗೊತ್ತಾದ ಒಂದು ಸಿಲಿಂಡರ್ ಎಂದಿಲ್ಲದೆ ದಹನ ತಪ್ಪುತ್ತಿದೆ ಎಂದೂ, ಪಿ 0301ರಿಂದ ಪಿ 0304ರವರೆಗಿನವು ಕ್ರಮವಾಗಿ 1ರಿಂದ 4ನೇ ಸಿಲಿಂಡರ್ ಎಂದೂ, ಪಿ 0171 ಎಂದರೆ ಮಿಶ್ರಣದಲ್ಲಿ ಇಂಧನ ಸಾಲದು ಎಂದೂ ಅರ್ಥ. ಸಂಕೇತವು ತೊಂದರೆಯ ಸ್ಥಳವನ್ನು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಾಯಿಸಬೇಕೆಂದು ಹೇಳುವುದಿಲ್ಲ. ಉದಾಹರಣೆಗೆ, ಪಿ 0301 ಬಂದೊಡನೆ ಹೊಸ ಕಾಯಿಲ್ ಕೊಳ್ಳುವ ಅಗತ್ಯವಿಲ್ಲ. ಪ್ರತಿ ಸಿಲಿಂಡರಿಗೆ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಿನಲ್ಲಿ 1ನೆಯದನ್ನು 3ನೆಯದರ ಜಾಗಕ್ಕೂ, 3ನೆಯದನ್ನು 1ನೆಯದರ ಜಾಗಕ್ಕೂ ಹಾಕಿ, ಸಂಕೇತವನ್ನು ಅಳಿಸಿ ಪುನಃ ಓಡಿಸತಕ್ಕದ್ದು. ಈ ಸಲ ಪಿ 0303 ಬಂದರೆ ಕಾಯಿಲ್ಲೇ ದೋಷಯುಕ್ತ. ಮತ್ತೆ ಪಿ 0301 ಬಂದರೆ ಪ್ಲಗ್ಗನ್ನೂ ಹೀಗೆಯೇ ಅದಲುಬದಲು ಮಾಡಿ ನೋಡುವುದು. ಆಗಲೂ ಬದಲಾಗದಿದ್ದರೆ ಇಂಜೆಕ್ಟರ್, ವೈರಿಂಗ್, ಕೊನೆಗೆ ಕಂಪ್ರೆಷನ್. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಆದರೂ ಹಲವು ಕಡೆ ಇದನ್ನು ಮಾಡುವುದೇ ಇಲ್ಲ. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರನ್ನು ಕೈಯಿಂದ ಕಿತ್ತು ನೋಡುವ ಹಳೆಯ ಪದ್ಧತಿ ಅಪಾಯಕರ. ಅದನ್ನು ಕೈಬಿಡತಕ್ಕದ್ದು.

ಸ್ಥಳೀಯವಾಗಿ ಹೆಚ್ಚು ಕಾಣುವ ಕಾರಣಗಳು

ಧೂಳಿನ ರಸ್ತೆಗಳಲ್ಲಿ ಸಂಚರಿಸುವ ಕಾರುಗಳಿಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಬೇಗನೆ ಏರ್ ಫಿಲ್ಟರ್ ಬದಲಾಯಿಸಬೇಕಾಗುತ್ತದೆ. ಹೊಲದ ದಾರಿ, ಮಾರುಕಟ್ಟೆಯ ಅಂಗಳ, ಜಲ್ಲಿ ರಸ್ತೆ ಇವುಗಳಲ್ಲಿ ದಿನವೂ ಓಡುವ ವಾಹನಗಳ ಫಿಲ್ಟರನ್ನು ಬೇಸಿಗೆಯಲ್ಲಿ ಆಗಾಗ ತೆರೆದು ನೋಡುವುದು ಒಳಿತು. ಫಿಲ್ಟರ್ ತೆಗೆದುಹಾಕಿ ಓಡಿಸಿದರೆ ಪಿಕಪ್ ಹೆಚ್ಚುತ್ತದೆಂಬ ಸಲಹೆಗೆ ಕಿವಿಗೊಡಬಾರದು. ಧೂಳು ಸಿಲಿಂಡರಿಗೆ ಹೋದರೆ ಎಂಜಿನ್ನೇ ಸವೆಯುತ್ತದೆ.

ಮನೆಯ ಪಕ್ಕದಲ್ಲೇ ಗೋವಿನಜೋಳದ ಚೀಲ, ಹತ್ತಿ, ಮೆಣಸಿನಕಾಯಿ ಸಂಗ್ರಹಿಸಿ, ಅಲ್ಲಿಯೇ ಕಾರು ನಿಲ್ಲಿಸುವವರು ಇಲಿ ಹೆಗ್ಗಣಗಳ ಕಾಟವನ್ನು ಮರೆಯುವಂತಿಲ್ಲ. ಬಾನೆಟ್ಟಿನ ಬಿಸಿಗೆ ಬಂದು ಕೂರುವ ಇಲಿಗಳು ಇಂಜೆಕ್ಟರ್ ಮತ್ತು ಸೆನ್ಸರುಗಳ ವೈರನ್ನು ಕಡಿಯುತ್ತವೆ. ವೈರು ಪೂರ್ತಿ ತುಂಡಾದರೆ ಕಾರು ಒಂದೇ ಸಮನೆ ಕೆಟ್ಟಿರುತ್ತದೆ. ಅರ್ಧ ಕಡಿದರೆ ಹಳ್ಳಕ್ಕಿಳಿದಾಗ ಒಮ್ಮೆ ಕುಲುಕುತ್ತದೆ, ಮತ್ತೆ ಇಲ್ಲ. ಬಂದುಹೋಗುವ ದೋಷಕ್ಕೆ ದುಬಾರಿ ಸೆನ್ಸರ್ ಕೊಳ್ಳುವ ಮೊದಲು ಟಾರ್ಚ್ ಹಿಡಿದು ವೈರಿಂಗ್ ಪೂರ್ತಿ ನೋಡತಕ್ಕದ್ದು.

ಮೂರನೆಯದು ಇಂಧನದಲ್ಲಿ ನೀರು. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಈ ಜಿಲ್ಲೆಯ ಪ್ರಮುಖ ಬೆಳೆಯಾದ ಗೋವಿನಜೋಳವೂ ಎಥೆನಾಲ್ ತಯಾರಿಕೆಗೆ ಬಳಕೆಯಾಗುವ ಕಚ್ಚಾವಸ್ತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪಂಪು ಇಂಧನವನ್ನು ಎಳೆಯುವುದು ಅಲ್ಲಿಂದಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳಲ್ಲಿಯೂ, ಟ್ಯಾಂಕಿನ ಮುಚ್ಚಳದ ರಬ್ಬರ್ ಹಾಳಾದ ಕಾರುಗಳಲ್ಲಿಯೂ ಈ ಸಂಭವ ಹೆಚ್ಚು. ಎಥೆನಾಲಿನಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ, ಕುಲುಕಾಟ ಸಹಜವಲ್ಲ. 2023ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಕಾರಿನ ಮಾಲೀಕರು ಇಂಧನದ ರಬ್ಬರ್ ಪೈಪುಗಳನ್ನು ಸರ್ವಿಸ್ ವೇಳೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಇಂಧನ ಹಾಕಿಸಿದ ಕೂಡಲೇ ಕುಲುಕಾಟ ಆರಂಭವಾಗಿದ್ದರೆ ಎಂಜಿನ್ ಬಿಚ್ಚುವ ಮುನ್ನ ಟ್ಯಾಂಕಿನ ಇಂಧನವನ್ನು ಗಾಜಿನ ಸೀಸೆಯಲ್ಲಿ ಹಿಡಿದು, ಅಲುಗಿಸದೆ ಕೆಲ ಹೊತ್ತು ಇಟ್ಟು ನೋಡತಕ್ಕದ್ದು. ತಳದಲ್ಲಿ ಬೇರೆ ಪದರ ಕಂಡರೆ ಕಾರಣ ತಿಳಿದಂತಾಯಿತು. ಹಾಕಿಸಿದ ರಸೀದಿಯನ್ನು ಕಾಯ್ದಿರಿಸಬೇಕು. ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆಯನ್ನೂ, 5 ಲೀಟರ್ ಅಳತೆಯ ಪರೀಕ್ಷೆಯನ್ನೂ ಕೇಳುವ ಹಕ್ಕು ಗ್ರಾಹಕರಿಗಿದೆ. ಆದರೆ ಫಿಲ್ಟರ್ ಕಾಗದವು ಕಲಬೆರಕೆಯ ಕಲೆಯನ್ನು ತೋರಿಸುವಂತಹುದು. ನೀರಿನ ವಿಷಯಕ್ಕೆ ಅದನ್ನು ನಂಬುವಂತಿಲ್ಲ.

ಡೀಸೆಲ್ ಕಾರುಗಳಲ್ಲಿ ಪ್ಲಗ್ಗು ಕಾಯಿಲ್‌ಗಳ ಪ್ರಶ್ನೆಯೇ ಇಲ್ಲ. ಅಲ್ಲಿ ಡೀಸೆಲ್ ಫಿಲ್ಟರ್, ಅದರಡಿಯ ನೀರು, ಇಂಜೆಕ್ಟರ್ ಮತ್ತು ಮಸಿ ಹಿಡಿದ ಇಜಿಆರ್ ವಾಲ್ವ್ ಇವು ಮುಖ್ಯ. ಕಪ್ಪು ಹೊಗೆಯೊಂದಿಗೆ ಎಳೆತ ಕಡಿಮೆಯಾಗಿ, ಸುಯ್ಯೆಂಬ ಶಬ್ದ ಬರುತ್ತಿದ್ದರೆ ಟರ್ಬೊದ ಪೈಪು ಸೀಳಿದೆಯೇ ನೋಡುವುದು. ಗ್ಯಾಸ್ ಕಿಟ್ ಇರುವ ಕಾರುಗಳನ್ನು ಒಮ್ಮೆ ಪೆಟ್ರೋಲಿನಲ್ಲಿ ಓಡಿಸಿ ನೋಡಿದರೆ ದೋಷವು ಗ್ಯಾಸಿನ ಭಾಗಕ್ಕೆ ಸೇರಿದ್ದೇ ಎಂಬುದು ಆಗಲೇ ತಿಳಿಯುತ್ತದೆ. ಕಿಟ್ ಅಳವಡಿಸಿದ್ದು ನೋಂದಣಿ ಪತ್ರದಲ್ಲಿ ನಮೂದಾಗದಿದ್ದರೆ ತಪಾಸಣೆಯ ವೇಳೆ ಅದೇ ಬೇರೊಂದು ತೊಡಕಾಗುತ್ತದೆ.

ಹೊಗೆ ತಪಾಸಣೆಯ ಅಂಕಿಗಳನ್ನು ಓದುವ ಬಗೆ

ವಾಯು ಮಾಲಿನ್ಯ ತಪಾಸಣಾ ಪ್ರಮಾಣ ಪತ್ರವನ್ನು ಬಹುತೇಕ ಮಾಲೀಕರು ದಂಡ ತಪ್ಪಿಸಿಕೊಳ್ಳುವ ಕಾಗದವೆಂದು ಪರಿಗಣಿಸಿ ಡ್ಯಾಶ್‌ಬೋರ್ಡಿನಲ್ಲಿಡುತ್ತಾರೆ. ಅದರ ಮೇಲಿನ ಅಂಕಿಗಳು ರೋಗಿಯ ರಕ್ತ ಪರೀಕ್ಷೆಯ ವರದಿಯಂತೆ ಉಪಯುಕ್ತ. ಐಡ್ಲಿಂಗ್ ಸ್ಥಿತಿಯಲ್ಲಿ ಭಾರತ್ ಸ್ಟೇಜ್ 4ರ ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಶೇ. 0.5 ಮತ್ತು 750 ಪಿಪಿಎಂ. ಹೈಡ್ರೋಕಾರ್ಬನ್ ಎಂದರೆ ಸುಡದೆ ಹೊರಬಂದ ಇಂಧನ. ಕಾರ್ಬನ್ ಮೊನಾಕ್ಸೈಡ್ ಸರಿಯಾಗಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಕಿಡಿ ತಪ್ಪುತ್ತಿರುವ ಅಥವಾ ಮಿಶ್ರಣದಲ್ಲಿ ಇಂಧನ ಸಾಲದಿರುವ ಸಂದೇಹಕ್ಕೆ ಬಲ ಬರುತ್ತದೆ. ಎರಡೂ ಏರಿದ್ದರೆ ಇಂಧನ ಹೆಚ್ಚಾಗಿ, ಗಾಳಿ ಕಡಿಮೆಯಾಗಿದೆ. ಏರ್ ಫಿಲ್ಟರ್, ಸೋರುವ ಇಂಜೆಕ್ಟರ್ ಅಥವಾ ಆಕ್ಸಿಜನ್ ಸೆನ್ಸರ್ ನೋಡಬೇಕಾಗುತ್ತದೆ.

ಆದರೆ ಈ ಪರೀಕ್ಷೆ ನಡೆಯುವುದು ಕಾರು ನಿಂತಿರುವಾಗ. ಮೇಲೆ ವಿವರಿಸಿದಂತೆ ಭಾರದಲ್ಲಿ ಮಾತ್ರ ಕಿಡಿ ತಪ್ಪಿಸುವ ಕಾರು ಇಲ್ಲಿ ಉತ್ತೀರ್ಣವಾಗಿ ಬರಬಹುದು. ಆದ್ದರಿಂದ ಪ್ರಮಾಣ ಪತ್ರವಿದೆ ಎಂದಮಾತ್ರಕ್ಕೆ ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ತಿಳಿಯಬಾರದು. ಹಳೆಯ ಮತ್ತು ಹೊಸ ಪ್ರಮಾಣ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಮಿತಿಯೊಳಗೇ ಅಂಕಿ ಹೇಗೆ ಏರುತ್ತ ಬಂದಿದೆ ಎಂಬುದನ್ನು ನೋಡುವುದು ಹೆಚ್ಚು ಪ್ರಯೋಜನಕಾರಿ. ನೋಂದಣಿಯಾಗಿ ಒಂದು ವರ್ಷದ ನಂತರ ಈ ಪ್ರಮಾಣ ಪತ್ರ ಕಡ್ಡಾಯ. ಭಾರತ್ ಸ್ಟೇಜ್ 4 ಮತ್ತು 6ರ ವಾಹನಗಳಿಗೆ ಇದರ ಅವಧಿ ಒಂದು ವರ್ಷ, ಅದಕ್ಕಿಂತ ಹಳೆಯವುಗಳಿಗೆ 6 ತಿಂಗಳು.

ದುರಸ್ತಿಯ ಬಿಲ್ಲು ಮತ್ತು ನವೀಕರಣದ ಅರ್ಜಿ

ದುರಸ್ತಿಗೆ ಕೊಡುವಾಗ ದೋಷದ ವಿವರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಒಂದು ಪ್ರತಿ ಪಡೆಯತಕ್ಕದ್ದು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಸೇವೆಯಲ್ಲಿ ನ್ಯೂನತೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಮೇರೆಗೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲೂ ಅವಕಾಶವಿದೆ. ಬಿಲ್ಲು ಇಲ್ಲದ ದೂರು ಅಲ್ಲಿ ನಿಲ್ಲುವುದು ಕಷ್ಟ.

ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ 60 ದಿನಗಳೊಳಗಾಗಿ ಅರ್ಜಿ ಸಲ್ಲಿಸಬಹುದಾಗಿದೆ. ಈ 60 ದಿನಗಳ ಮೊದಲ ವಾರದಲ್ಲಿಯೇ ಕಾರನ್ನು ಮೇಲಿನ ಕ್ರಮದಲ್ಲಿ ಪರೀಕ್ಷಿಸಿಕೊಂಡರೆ ದುರಸ್ತಿಗೆ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ. ಮೋಟಾರು ವಾಹನ ನಿರೀಕ್ಷಕರು ಬ್ರೇಕ್, ಸ್ಟೇರಿಂಗ್, ಟೈರ್, ದೀಪ, ಹೊಗೆ ಮುಂತಾದವುಗಳನ್ನು ಪರಿಶೀಲಿಸುತ್ತಾರೆ. ದೋಷದ ಮೂಲವನ್ನು ಹುಡುಕಿಕೊಡುವುದು ತಪಾಸಣೆಯ ಉದ್ದೇಶವಲ್ಲ. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿ, ದೀಪ ಆರಿಸಿಕೊಂಡು ತಪಾಸಣೆಗೆ ಬರುವುದರಿಂದ ಪ್ರಯೋಜನವಿಲ್ಲ. ದೋಷ ಉಳಿದಿದ್ದರೆ ಕೆಲವು ಕಿಲೋಮೀಟರ್ ಓಡಿದೊಡನೆ ದೀಪ ಪುನಃ ಹೊತ್ತಿಕೊಳ್ಳುತ್ತದೆ.

ಅರ್ಜಿಯೊಂದಿಗೆ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಹಾಗೂ ತೆರಿಗೆ ಪಾವತಿಯ ದಾಖಲೆ ಇರತಕ್ಕದ್ದು. ಕೆಎ-27 ಸರಣಿಯು ಹಾವೇರಿ ಕಚೇರಿಗೂ, ಕೆಎ-68 ಸರಣಿಯು ರಾಣೇಬೆನ್ನೂರು ಕಚೇರಿಗೂ ಸೇರಿದೆ. ಶುಲ್ಕವು ವಾಹನದ ವಯಸ್ಸಿಗನುಗುಣವಾಗಿ ಬೇರೆಯಾಗುವುದರಿಂದಲೂ, ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದಲೂ ಪರಿವಾಹನ್ ಜಾಲತಾಣದಲ್ಲಿ ಅಂದಿನ ದರವನ್ನು ನೋಡಿ ಪಾವತಿಸುವುದು. ತಪಾಸಣೆಗೆ ಬರುವ ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಕಾರು ನಿಂತುಹೋದಲ್ಲಿ ಎಡಬದಿಗೆ ಸರಿಸಿ, ಅಪಾಯ ಸೂಚಕ ದೀಪಗಳನ್ನು ಹಾಕಿ, ಎಲ್ಲರೂ ತಡೆಬೇಲಿಯ ಆಚೆ ನಿಂತು 1033ಕ್ಕೆ ಕರೆ ಮಾಡತಕ್ಕದ್ದು.